‘ಕಾಲ್’, ‘ಪುಟ್’ ಕಲಿಸುವವರು ‘ಸಂಚಕಾರ’ ಅನ್ನುವ ಮಾತನ್ನು ಯಾಕೆ ಹೇಳುವುದಿಲ್ಲ?

ಷೇರುಪೇಟೆ ಅಂದರೆ ಓದಿದವರ ಆಟ, ಹಳ್ಳಿಯವರ ತಲೆಗೆ ಅದು ಹತ್ತುವುದಿಲ್ಲ ಅನ್ನುವವರು ಇದ್ದಾರೆ. ಅಂಥವರನ್ನು ಮಾರುಕಟ್ಟೆಯ ದಿನ ಬ್ಯಾಡಗಿ ಎಪಿಎಂಸಿ ಪ್ರಾಂಗಣಕ್ಕೆ ಕರೆದುಕೊಂಡು ಬರಬೇಕು. ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವ ಚೀಲದಲ್ಲಿ ತೇವ ಜಾಸ್ತಿ, ಯಾವ ಲಾಟಿಗೆ ಎಷ್ಟರ ಟೆಂಡರ್ ಬೀಳಬಹುದು, ಇವತ್ತೇ ಕೊಡುವುದೋ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುವುದೋ, ಇದನ್ನೆಲ್ಲ ಶಾಲೆಯ ಮೆಟ್ಟಿಲು ಹತ್ತದ ಅಜ್ಜನೂ ಲೆಕ್ಕ ಹಾಕುತ್ತಾನೆ. ದರ ಹೇಗೆ ಹುಟ್ಟುತ್ತದೆ ಅನ್ನುವುದು ಅವನಿಗೆ ಗೊತ್ತು. ಗೊತ್ತಿಲ್ಲದ್ದು ಇಂಗ್ಲಿಷ್ ಹೆಸರುಗಳು ಮಾತ್ರ.

ಆ ಹೆಸರುಗಳನ್ನು ಕಲಿಸುತ್ತೇವೆ ಅಂತ ಈಗ ಬಂದಿದ್ದಾರೆ. ನಮ್ಮ ತಕರಾರು ಇರುವುದು ಅವರ ಮೇಲೆ.

ನಿಮ್ಮ ಫೋನಿನಲ್ಲೂ ಬಂದಿರುತ್ತದೆ. ಬಾಡಿಗೆ ಕಾರಿನ ಮುಂದೆ ನಿಂತ ಹುಡುಗ, ಹಸಿರು ಬಣ್ಣದ ಲಾಭದ ಚಿತ್ರ, ಕೆಳಗೆ ವಾಟ್ಸ್ಆ್ಯಪ್ ಗುಂಪಿನ ಲಿಂಕು. ಅವರು ಕಲಿಸುವ ಮಾತುಗಳನ್ನು ನಾವು ಒಂದು ಹಾಳೆಯಲ್ಲಿ ಬರೆದುಕೊಂಡೆವು: ಕಾಲ್, ಪುಟ್, ಲಾಟ್, ಮಾರ್ಜಿನ್, ಇಂಟ್ರಾಡೇ, ಎಕ್ಸ್‌ಪೈರಿ. ಬಾಯಿಬಿಡದ ಮಾತುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದೆವು: ಲಾಭಾಂಶ, ಖರ್ಚಿನ ಪ್ರಮಾಣ, ನೋಂದಣಿ ಸಂಖ್ಯೆ, ನಷ್ಟ, ದೂರು. ಮೊದಲನೆಯ ಹಾಳೆಯ ಒಂದೊಂದು ಮಾತಿಗೂ ನೀವು ಗುಂಡಿ ಒತ್ತಿದಾಗಲೆಲ್ಲ ಯಾರಿಗೋ ದಲಾಲಿ ಸಿಗುತ್ತದೆ. ಎರಡನೆಯ ಹಾಳೆಯಿಂದ ಅವರಿಗೆ ಕವಡೆ ಕಾಸೂ ಹುಟ್ಟುವುದಿಲ್ಲ, ನಿಮ್ಮ ದುಡ್ಡು ಉಳಿಯುತ್ತದೆ. ಹಳ್ಳಿಗೆ ಬಂದದ್ದು ಮೊದಲನೆಯ ಹಾಳೆ ಮಾತ್ರ.

ಹಾಗಾಗಿ ಎರಡೂ ಹಾಳೆಗಳನ್ನು ನಮ್ಮ ಸಂತೆ, ನಮ್ಮ ಸೊಸೈಟಿಯ ಮಾತಿನಲ್ಲೇ ಬಿಡಿಸುತ್ತೇವೆ. ಓದಿ ಮುಗಿಸುವ ಹೊತ್ತಿಗೆ ಯಾರ ಕ್ಲಾಸಿಗೂ ಫೀ ಕಟ್ಟುವ ಅಗತ್ಯ ಬೀಳಬಾರದು ಅನ್ನುವುದು ನಮ್ಮ ಆಸೆ.

ಷೇರು ಅಂದರೆ ಪಾಲು

ನಿಮ್ಮಲ್ಲಿ ಎಷ್ಟೋ ಜನ ಈಗಾಗಲೇ ಷೇರುದಾರರು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಬೆಳೆಸಾಲ ತೆಗೆಯುವಾಗ ‘ಷೇರು ಹಣ’ ಅಂತ ಹಿಡಿದುಕೊಂಡಿರುತ್ತಾರಲ್ಲ, ಅದೇ. ಸಂಘದಲ್ಲಿ ನಿಮಗೊಂದು ಪಾಲಿದೆ ಅಂತ ಅರ್ಥ. ಸಂಘಕ್ಕೆ ಲಾಭ ಬಂದು ಸದಸ್ಯರಿಗೆ ಹಂಚಿದರೆ ಅದು ಲಾಭಾಂಶ. ಅದನ್ನೇ ಪೇಟೆಯವರು ಡಿವಿಡೆಂಡ್ ಅನ್ನುತ್ತಾರೆ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅಂದರೆ ನಮ್ಮ ಸೀಮೆಯ ರೈತರು ಪಾಲು ಹಾಕಿ ವ್ಯವಹಾರ ಮಾಡುವುದನ್ನು ಕಲಿತು ನೂರಿಪ್ಪತ್ತು ವರ್ಷ ದಾಟಿದೆ. ನಮಗೆ ಷೇರು ಗೊತ್ತಿಲ್ಲ ಅಂತ ಯಾರೂ ಹೇಳಬೇಕಾಗಿಲ್ಲ.

ಸಂಘಕ್ಕೂ ಕಂಪನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ. ಕಂಪನಿಯಲ್ಲಿ ಸಾಮಾನ್ಯವಾಗಿ ಒಂದು ಷೇರಿಗೆ ಒಂದು ಮತ. ಯಾರ ಹತ್ತಿರ ಅರ್ಧಕ್ಕಿಂತ ಹೆಚ್ಚು ಷೇರು ಇದೆಯೋ ಬಹುಪಾಲು ಅವರ ಮಾತೇ ನಡೆಯುತ್ತದೆ.

ಇದೂ ನಮ್ಮ ಜಿಲ್ಲೆಗೆ ಹೊಸದಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಗ್ರಾಸಿಮ್ ಕಂಪನಿಯದು. ಅದರ ಷೇರು ಪೇಟೆಯಲ್ಲಿ ಸಿಗುತ್ತದೆ, ನೀವೂ ಕೊಳ್ಳಬಹುದು. ಇದೇ ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಕಂಪನಿ ಹುಟ್ಟಿತು. ಸರ್ಕಾರದ ಪಾಲು 51%, ಕಾರ್ಖಾನೆಯ ಪಾಲು 49%. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಗುರುತಿಸಿದ್ದು ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಜಮೀನು. ದನ ಮೇಯುತ್ತಿದ್ದ, ಉರುವಲು ಸಿಗುತ್ತಿದ್ದ ಗೋಮಾಳಗಳು ಅವು. ಊರವರ ಪಾಲು? ಸೊನ್ನೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತಲೇ ಅದು ಹೆಸರಾಯಿತು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು.

ಈ ಕಥೆ ಇಲ್ಲಿ ಯಾಕೆ ಬಂತು ಅಂದರೆ, ಷೇರು ಅನ್ನುವುದು ಫೋನಿನ ಪರದೆ ಮೇಲೆ ಕುಣಿಯುವ ಕೆಂಪು-ಹಸಿರು ಗೆರೆ ಅಲ್ಲ. ಅದರ ಹಿಂದೆ ಚಿಮಣಿ ಇದೆ, ನದಿ ಇದೆ, ಜಮೀನಿದೆ, ಕೂಲಿ ಇದೆ. ಷೇರು ಕೊಳ್ಳುವವರು ಮೊದಲು ಕೇಳಬೇಕಾದ್ದು ಕುಸನೂರಿನವರು ಕೇಳಿದ್ದನ್ನೇ: ಈ ಕಂಪನಿ ಏನು ಮಾಡುತ್ತದೆ, ಲಾಭ ಎಲ್ಲಿಂದ ಬರುತ್ತದೆ, ಯಾರ ಪಾಲು ಎಷ್ಟು? ಕ್ಲಾಸುಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಕಂಪನಿಯ ಹೆಸರನ್ನು ಪೂರ್ತಿ ಹೇಳುವುದೂ ಇಲ್ಲ, ನಾಲ್ಕಕ್ಷರದ ಗುರುತು ಸಾಕು.

ಯಾರ್ಡಿನಲ್ಲಿ ಇರುವುದು, ಫೋನಿನಲ್ಲಿ ಇರುವುದು

ಈಗ ಬೇಗ ಬೇಗ ಕೆಲವು ಮಾತು.

ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು ಐಪಿಒ. ಹೊಸ ಬೆಳೆ ಮೊದಲ ಸಲ ಯಾರ್ಡಿಗೆ ಬಂದ ಹಾಗೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಸ ಷೇರು ಹೊರಡಿಸಿದರೆ ನಿಮ್ಮ ದುಡ್ಡು ಕಂಪನಿಗೆ ಹೋಗುತ್ತದೆ. ಹಳೆಯ ಮಾಲೀಕರು ತಮ್ಮ ಷೇರನ್ನೇ ಮಾರುತ್ತಿದ್ದರೆ ದುಡ್ಡು ಅವರ ಜೇಬಿಗೆ ಹೋಗುತ್ತದೆ, ಕಂಪನಿಗೆ ಒಂದು ಪೈಸೆಯೂ ಇಲ್ಲ. ಎರಡಕ್ಕೂ ಐಪಿಒ ಅಂತಲೇ ಹೆಸರು, ಎರಡೂ ಬೆರೆತೇ ಬರುವುದೂ ಉಂಟು. ಅರ್ಜಿ ಹಾಕುವ ಮುಂಚೆ ಯಾವುದು ಎಷ್ಟು ಅಂತ ನೋಡಿ. ಒಮ್ಮೆ ಪೇಟೆಗೆ ಬಂದ ಮೇಲೆ ನೀವು ಕೊಳ್ಳುವುದು ನಿಮ್ಮ ಹಾಗೇ ಇರುವ ಇನ್ನೊಬ್ಬನಿಂದ.

ಡಿಮ್ಯಾಟ್ ಖಾತೆ ಅಂದರೆ ಗೋದಾಮು. ನಿಮ್ಮ ಷೇರುಗಳು ಎನ್‌ಎಸ್‌ಡಿಎಲ್ ಇಲ್ಲವೇ ಸಿಡಿಎಸ್‌ಎಲ್ ಅನ್ನುವ ಎರಡು ಸಂಸ್ಥೆಗಳಲ್ಲಿ ಒಂದರ ಲೆಕ್ಕದಲ್ಲಿ ನಿಮ್ಮ ಹೆಸರಿನಲ್ಲಿರುತ್ತವೆ, ಬ್ರೋಕರನ ಕಪಾಟಿನಲ್ಲಲ್ಲ. ಬ್ರೋಕರನ ಆ್ಯಪ್ ಏನೇ ತೋರಿಸಲಿ, ಆ ಸಂಸ್ಥೆಯಿಂದ ನಿಮಗೇ ನೇರವಾಗಿ ಬರುವ ಲೆಕ್ಕದ ಪಟ್ಟಿಯನ್ನು ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕಿ ರಸೀದಿ ಇಸಿದುಕೊಳ್ಳುವುದಿಲ್ಲವೇ ನೀವು?

ಸೆನ್ಸೆಕ್ಸ್ ಅಂದರೆ 30 ದೊಡ್ಡ ಕಂಪನಿಗಳ ಬೆಲೆಯ ಸೂಚ್ಯಂಕ, ನಿಫ್ಟಿ ಅಂದರೆ 50 ಕಂಪನಿಗಳದು. ‘ಇವತ್ತು ಪೇಟೆ ಏರಿತು’ ಅಂದರೆ ಈ ಲೆಕ್ಕ ಏರಿತು ಅಂತ ಅಷ್ಟೇ. ಬ್ಯಾಡಗಿಯಲ್ಲಿ ಡಬ್ಬಿಗೆ ಒಳ್ಳೆ ದರ ಬಿತ್ತು ಅಂತ ಪತ್ರಿಕೆಯಲ್ಲಿ ಬಂದ ದಿನವೇ ನಿಮ್ಮ ತೇವದ ಚೀಲಕ್ಕೆ ಗಿರಾಕಿ ಇಲ್ಲದಿರಬಹುದು.

ಗಿರಾಕಿ ಇಲ್ಲದಿರುವುದಕ್ಕೂ ಪೇಟೆಯಲ್ಲಿ ಹೆಸರಿದೆ. ಕೊಳ್ಳುವವರು ಸದಾ ಇದ್ದರೆ ಲಿಕ್ವಿಡಿಟಿ ಇದೆ ಅನ್ನುತ್ತಾರೆ. ಎರಡು-ಮೂರು ರೂಪಾಯಿಯ ಷೇರು ತೋರಿಸಿ ‘ಹತ್ತು ಪಟ್ಟು ಆಗುತ್ತೆ ಅಣ್ಣಾ’ ಅನ್ನುವವರು ಇದನ್ನು ಹೇಳುವುದಿಲ್ಲ. ಅಂಥ ಷೇರು ಬೀಳಲು ಶುರುವಾದರೆ ದಿನಕ್ಕೆ ಇಂತಿಷ್ಟೇ ಬೀಳಬೇಕು ಅನ್ನುವ ಮಿತಿಗೆ ಬಂದು ನಿಲ್ಲುತ್ತದೆ. ಮಾರುವವರು ಸಾಲುಗಟ್ಟಿರುತ್ತಾರೆ, ಕೊಳ್ಳುವವನು ಒಬ್ಬನೂ ಇರುವುದಿಲ್ಲ. ಪರದೆಯ ಮೇಲೆ ಬೆಲೆ ಕಾಣುತ್ತದೆ, ದುಡ್ಡು ಮಾತ್ರ ಕೈಗೆ ಬರುವುದಿಲ್ಲ.

ಬ್ರೋಕರ್ ಅಂದರೆ ದಲಾಲ. ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಬ್ಯಾಡಗಿಯ ದಲಾಲನಿಗೂ ಕಮಿಷನ್ ಇದೆ, ದರ ಏರಲಿ ಇಳಿಯಲಿ ಅವನಿಗೆ ಸಿಗುವುದು ಸಿಗುತ್ತದೆ. ಆದರೆ ಯಾರ್ಡಿನಲ್ಲಿ ನಿಮ್ಮ ಒಂದು ಚೀಲವನ್ನು ನೀವು ಮಾರುವುದು ಒಂದೇ ಸಲ. ಫೋನಿನಲ್ಲಿ ಅದೇ ‘ಚೀಲ’ವನ್ನು ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆಯೊಳಗೆ ಐವತ್ತು ಸಲ ಮಾರಿ ಐವತ್ತು ಸಲ ಕೊಳ್ಳಬಹುದು. ಒಂದೊಂದು ಸಲಕ್ಕೂ ದಲಾಲಿ, ತೆರಿಗೆ, ವಿನಿಮಯ ಕೇಂದ್ರದ ಶುಲ್ಕ. ಇಂಟ್ರಾಡೇ ಅಂದರೆ ಇದೇ, ಅವತ್ತು ಕೊಂಡಿದ್ದನ್ನು ಅವತ್ತೇ ಮಾರುವುದು. 2022-23ರಲ್ಲಿ ಹೀಗೆ ಮಾಡಿದ ವ್ಯಕ್ತಿಗಳಲ್ಲಿ ಹತ್ತಕ್ಕೆ ಏಳು ಜನ ಕಳೆದುಕೊಂಡರು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಕೊಟ್ಟಿದೆ. ಯಾವ ದಲಾಲನೂ ರೈತನಿಗೆ ‘ದಿನಾ ಬಂದು ಚೀಲ ಹೊತ್ತುಕೊಂಡು ಹೋಗಿ ತಿರುಗಿ ತಗೊಂಡು ಬಾ’ ಅನ್ನುವುದಿಲ್ಲ. ಆ್ಯಪ್ ಅನ್ನುತ್ತದೆ, ದಿನಕ್ಕೆ ಹತ್ತು ಸಲ ಗಂಟೆ ಬಾರಿಸಿ ಅನ್ನುತ್ತದೆ.

ಸಂಚಕಾರದ ಎರಡು ಅರ್ಥ

ಹಾವೇರಿಯ ಜಾನುವಾರು ಪೇಟೆಯಲ್ಲಿ ಒಂದು ಎತ್ತು ನೋಡುತ್ತೀರಿ. ದರ 60,000 ರೂಪಾಯಿಗೆ ಕುದುರಿತು. ಪೂರ್ತಿ ದುಡ್ಡು ಕೈಲಿಲ್ಲ. 2,000 ರೂಪಾಯಿ ಸಂಚಕಾರ ಕೊಟ್ಟು ‘ಮುಂದಿನ ವಾರದೊಳಗೆ ಬಂದು ಹೊಡಕೊಂಡು ಹೋಗ್ತೀನಿ’ ಅನ್ನುತ್ತೀರಿ. ವಾರದೊಳಗೆ ಅಂಥ ಎತ್ತಿಗೆ 70,000 ಆಯಿತು ಅಂದುಕೊಳ್ಳಿ. ನಿಮಗೆ ಅದು 60,000ಕ್ಕೇ ಸಿಗಬೇಕು, ಸಂಚಕಾರ ಕಳೆದು 8,000 ಲಾಭ. ದರ ಏರಲಿಲ್ಲ, ನೀವು ಹೋಗಲಿಲ್ಲ ಅಂದರೆ 2,000 ಹೋಯಿತು.

ಕಾಲ್ ಆಪ್ಷನ್ ಅಂದರೆ ಇಷ್ಟೇ. ನೀವು ಕೊಟ್ಟ ಸಂಚಕಾರದ ಹೆಸರು ಪ್ರೀಮಿಯಂ, ವಾರದ ಗಡುವಿನ ಹೆಸರು ಎಕ್ಸ್‌ಪೈರಿ. ಪುಟ್ ಇದರ ತಿರುಗು: ನಿಮ್ಮ ಹತ್ತಿರ ಎತ್ತಿದೆ, ದರ ಬಿದ್ದೀತು ಅನ್ನುವ ಭಯಕ್ಕೆ ಯಾರಿಗೋ 2,000 ಕೊಟ್ಟು ‘ವಾರದೊಳಗೆ ಏನೇ ಆದರೂ 60,000ಕ್ಕೆ ನೀನೇ ಕೊಳ್ಳಬೇಕು’ ಅಂತ ಮಾತು ತೆಗೆದುಕೊಳ್ಳುವುದು. ಸಂಚಕಾರ ಇಸಿದುಕೊಂಡವನ ಗತಿ ನೋಡಿ. ಅವನಿಗೆ ಬರುವುದು 2,000 ಮಾತ್ರ, ಹೋಗುವುದು ಅದರ ಎಷ್ಟೋ ಪಟ್ಟು ಆಗಬಹುದು. ‘ಆಪ್ಷನ್ ಸೆಲ್ಲಿಂಗ್ ಮಾಡಿ, ತಿಂಗಳಿಗೆ ಸಂಬಳದ ಹಾಗೆ ಬರುತ್ತೆ’ ಅನ್ನುವ ಕ್ಲಾಸಿನವರು ನಿಮ್ಮನ್ನು ಕೂರಿಸುವುದು ಈ ಜಾಗದಲ್ಲಿ.

ಇಷ್ಟು ಸರಳವಾದದ್ದನ್ನು ಸಂಚಕಾರ ಅಂತ ಕರೆದುಬಿಟ್ಟರೆ ನಮ್ಮ ಜನ ಥಟ್ಟನೆ ಕೇಳುತ್ತಾರೆ: ಎತ್ತು ಎಲ್ಲಿ? ಅಲ್ಲಿ ಎತ್ತಿಲ್ಲ. ಈ ಫೋನಿನ ಪೇಟೆಯಲ್ಲಿ ಬಹುಪಾಲು ಜನಕ್ಕೆ ಎತ್ತು ಬೇಕಾಗಿಯೂ ಇಲ್ಲ. ಸಂಚಕಾರದ ಚೀಟಿಯನ್ನೇ ಕೊಂಡು, ಅದನ್ನೇ ಐದು ನಿಮಿಷಕ್ಕೆ ಇನ್ನೊಬ್ಬನಿಗೆ ದಾಟಿಸುವುದು. ಸಂಜೆಯ ಓಸಿ ನಂಬರಿಗೂ ಇದಕ್ಕೂ ಇರುವ ದೂರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಓಸಿ ಬರೆಸುವವನನ್ನು ಪೊಲೀಸರು ಹಿಡಿಯುತ್ತಾರೆ, ಇದಕ್ಕೆ ಲೈಸೆನ್ಸ್ ಇದೆ ಅನ್ನುವುದೊಂದು ಮುಖ್ಯ ವ್ಯತ್ಯಾಸ. ಸಂಚಕಾರಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ‘ಜೀವಕ್ಕೆ ಸಂಚಕಾರ’ ಅನ್ನುವಾಗ ಬರುವುದು. ಕ್ಲಾಸಿನವರಿಗೆ ಇಂಗ್ಲಿಷೇ ಹಿತ ಅನಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಇದು ನಮ್ಮ ಬಾಯಿಮಾತಲ್ಲ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನ ಹೀಗೆ ಹೇಳುತ್ತದೆ: 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93% ಜನ ಕಳೆದುಕೊಂಡರು. ಸರಾಸರಿ ತಲಾ ಸುಮಾರು 2 ಲಕ್ಷ ರೂಪಾಯಿ. ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಮೇಲೆ. 2024-25ರ ಲೆಕ್ಕವೂ ಬಂದಿದೆ: 91% ಜನಕ್ಕೆ ನಷ್ಟ, ಒಟ್ಟು ಸುಮಾರು 1.05 ಲಕ್ಷ ಕೋಟಿ. ಅದೇ ಅಧ್ಯಯನದ ಇನ್ನೊಂದು ಸಾಲು ನಮಗೆ ನೇರವಾಗಿ ತಾಗುವಂಥದು: ಆಡಿದವರಲ್ಲಿ ನಾಲ್ಕಕ್ಕೆ ಮೂರು ಪಾಲು ಜನ ತಮ್ಮ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ ಅಂತ ಹೇಳಿಕೊಂಡವರು, 72%ಗೂ ಹೆಚ್ಚು ಜನ ದೊಡ್ಡ 30 ನಗರಗಳ ಆಚೆಯವರು. ಮುಂಬೈ, ಬೆಂಗಳೂರಿನವರಲ್ಲ. ನಮ್ಮಂಥ ಊರಿನವರು.

ಹಾಗಾದರೆ ಗೆದ್ದವರು ಯಾರು? 2023-24ರಲ್ಲಿ ಸ್ವಂತ ಬಂಡವಾಳದಿಂದ ಆಡುವ ದೊಡ್ಡ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ಗಳಿಸಿದವು, ಅದರಲ್ಲಿ ಹೆಚ್ಚಿನದು ಕಂಪ್ಯೂಟರ್ ತಾನಾಗಿಯೇ ಮಾಡಿದ ವ್ಯವಹಾರದಿಂದ. ಮೂರು ವರ್ಷಗಳಲ್ಲಿ ನಮ್ಮಂಥವರು ದಲಾಲಿ, ಶುಲ್ಕ ಅಂತ ಕಟ್ಟಿದ್ದೇ ಸುಮಾರು 50,000 ಕೋಟಿ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಪುಟ್ ಕೊಳ್ಳುವ ಹುಡುಗನ ಎದುರಿಗೆ ಕೂತಿರುವುದು ಇನ್ನೊಬ್ಬ ಹುಡುಗ ಅಲ್ಲ, ಕಣ್ಣೆವೆ ಮುಚ್ಚುವುದರೊಳಗೆ ಸಾವಿರ ಸಲ ಕೊಟ್ಟು-ತೆಗೆಯುವ ಯಂತ್ರ. ‘ನಾನು ಚಾರ್ಟ್ ಓದೋದು ಕಲ್ತೀನಿ’ ಅಂದರೆ ಅದು ಹೆದರುವುದಿಲ್ಲ.

ಮಾರ್ಜಿನ್ ಅನ್ನುವ ಮಾತು ಇಲ್ಲೇ ಬರುತ್ತದೆ. ಪೂರ್ತಿ ದುಡ್ಡು ಕೊಡದೆ ಸ್ವಲ್ಪ ಒತ್ತೆ ಇಟ್ಟು ದೊಡ್ಡ ವ್ಯವಹಾರ ಮಾಡುವುದು. 2024ರ ನವೆಂಬರಿನಿಂದ ಹೊಸದಾಗಿ ಬರುವ ಸೂಚ್ಯಂಕದ ಒಂದು ಒಪ್ಪಂದ ಕನಿಷ್ಠ 15 ಲಕ್ಷ ರೂಪಾಯಿಯದ್ದಾಗಿರಬೇಕು ಅಂತ ಸೆಬಿ ನಿಯಮ ಮಾಡಿತು, ಸಣ್ಣವರು ದೂರ ಇರಲಿ ಅಂತ. ಕ್ಲಾಸಿನವರು ಅದನ್ನೂ ‘ಕೆಲವೇ ಸಾವಿರದಲ್ಲಿ 15 ಲಕ್ಷದ ಆಟ’ ಅಂತ ಮಾರಿದರೆ ನಂಬಬೇಡಿ. 15 ಲಕ್ಷದ ಆಟದಲ್ಲಿ ಬೀಳುವ ಪೆಟ್ಟೂ 15 ಲಕ್ಷದ್ದೇ. ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿಡಿ: 1 ಲಕ್ಷ ಅರ್ಧಕ್ಕೆ ಬಿದ್ದರೆ, ಅದು ಮತ್ತೆ 1 ಲಕ್ಷ ಆಗಲು ಉಳಿದ 50,000 ದುಪ್ಪಟ್ಟಾಗಬೇಕು. ಬೀಳುವುದು 50%, ಏಳುವುದು 100%.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಮೆಣಸಿನಕಾಯಿ ದರ ಕುಸಿಯಿತು, ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವತ್ತು ಇಡೀ ರಾಜ್ಯಕ್ಕೆ ಗೊತ್ತಾಯಿತು, ಇಲ್ಲೊಂದು ನಷ್ಟ ಆಗಿದೆ ಅಂತ. ಫೋನಿನಲ್ಲಿ ಕಳೆದುಕೊಂಡವನ ನಷ್ಟ ಪಕ್ಕದ ಕೋಣೆಯಲ್ಲಿ ಮಲಗಿದ ಅಪ್ಪನಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸಾಲಗಾರ ಬಾಗಿಲಿಗೆ ಬಂದ ಮೇಲೆ.

ಸಾಲದ ಮಾತು ಬಂತು. ಶೂನ್ಯ ಬಡ್ಡಿಯ ಬೆಳೆಸಾಲ ತೆಗೆದು ಷೇರಿಗೆ ಹಾಕಿದರೆ ಲಾಭವೇ ಅಲ್ಲವೇ ಅಂತ ನಮ್ಮನ್ನು ಕೇಳಿದವರಿದ್ದಾರೆ. ಅಲ್ಲ. ಶೂನ್ಯ ಬಡ್ಡಿ ಇರುವುದು ಗಡುವಿನೊಳಗೆ ತೀರಿಸಿದರೆ ಮಾತ್ರ, ಷೇರುಪೇಟೆಗೆ ನಿಮ್ಮ ಗಡುವು ಗೊತ್ತಿಲ್ಲ. ಇನ್ನು ಕೈಸಾಲ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36%. ಖಚಿತವಾಗಿ ವರ್ಷಕ್ಕೆ 36% ಕೊಡುವ ಹೂಡಿಕೆ ಭೂಮಿ ಮೇಲೆ ಎಲ್ಲೂ ಇಲ್ಲ. ಆ ಸಾಲ ತೀರಿಸುವುದೇ ನಿಮಗೆ ಸಿಗುವ ಅತಿ ದೊಡ್ಡ ಲಾಭ. 2025ರ ಜನವರಿಯಲ್ಲಿ ಮೈಕ್ರೊಫೈನಾನ್ಸ್ ಕಿರುಕುಳ ತಾಳಲಾರದೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸಿಕೊಟ್ಟರು, ಮುಂದಿನ ತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ಮನೆಗಳ ಗಂಡುಮಕ್ಕಳ ಫೋನಿಗೂ ‘ಕೂತಲ್ಲೇ ದಿನಕ್ಕೆ ಸಾವಿರ’ ಅನ್ನುವ ಜಾಹೀರಾತು ಬರುತ್ತಿದೆ ಅನ್ನುವುದನ್ನು ನೆನೆದರೆ ನಮಗೆ ಮೈ ಉರಿಯುತ್ತದೆ.

ಎಸ್‌ಐಪಿ ಪಿಗ್ಮಿ ಅಲ್ಲ

ಹಾಗಂತ ಎಲ್ಲವೂ ಜೂಜು, ದುಡ್ಡನ್ನು ಮಡಕೆಯಲ್ಲಿಡಿ ಅಂತ ನಾವು ಹೇಳುತ್ತಿಲ್ಲ. ಒಳ್ಳೆಯ ಕಂಪನಿಗಳ ಪಾಲನ್ನು ಹತ್ತು-ಹದಿನೈದು ವರ್ಷ ಹಿಡಿದಿಟ್ಟುಕೊಂಡವರು ಬೆಲೆಯೇರಿಕೆಯನ್ನು ಮೀರಿಸಿ ಗಳಿಸಿದ್ದು ನಿಜ. ಈ ದಾರಿಯಲ್ಲೂ ಒಂದು ಕಣ್ಕಟ್ಟು ನಡೆಯುತ್ತಿದೆ, ಅದನ್ನು ಹೇಳದೆ ಬಿಡಲಾಗುವುದಿಲ್ಲ.

ಮ್ಯೂಚುವಲ್ ಫಂಡ್ ಅಂದರೆ ಸಾವಿರಾರು ಜನರ ದುಡ್ಡು ಒಟ್ಟುಗೂಡಿಸಿ, ಒಬ್ಬ ಮ್ಯಾನೇಜರ್ ಹಲವು ಕಂಪನಿಗಳ ಷೇರು ಕೊಳ್ಳುವುದು. ಅದರ ಒಂದು ಯೂನಿಟ್ಟಿನ ಬೆಲೆ ಎನ್‌ಎವಿ. ಪ್ರತಿ ತಿಂಗಳು ಇಂತಿಷ್ಟು ಅಂತ ಕಟ್ಟುತ್ತ ಹೋಗುವುದು ಎಸ್‌ಐಪಿ. ಅದು ಕಂತು ಕಟ್ಟುವ ಕ್ರಮ ಅಷ್ಟೇ, ಅದೇ ಒಂದು ಯೋಜನೆ ಅಲ್ಲ. ಏಜೆಂಟರು ಹಳ್ಳಿಯಲ್ಲಿ ‘ಇದು ಪಿಗ್ಮಿ ಇದ್ದ ಹಾಗೆ ಅಕ್ಕಾರೆ’ ಅಂತ ಮಾರುತ್ತಾರೆ. ಪಿಗ್ಮಿ ನಮ್ಮ ಜನಕ್ಕೆ ಗೊತ್ತು. 1928ರಲ್ಲಿ ಉಡುಪಿಯಲ್ಲಿ ಈಗಿನ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿರುವ ಸಿಂಡಿಕೇಟ್ ಬ್ಯಾಂಕು ಶುರುಮಾಡಿದ್ದು, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಇಸಿದುಕೊಳ್ಳುತ್ತಿದ್ದರು. ಪಿಗ್ಮಿಯಲ್ಲಿ ಕಟ್ಟಿದ ಅಸಲು ಬ್ಯಾಂಕಿನ ಹೊಣೆ. ಎಸ್‌ಐಪಿಯಲ್ಲಿ ಅಸಲಿಗೂ ಹೊಣೆ ಇಲ್ಲ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ದಾಟಿ ಅದೇ ಅಕ್ಟೋಬರ್ ಕೊನೆಗೆ 8,500ರ ಆಸುಪಾಸಿಗೆ ಬಂದಿತ್ತು. 2020ರ ಜನವರಿಯಲ್ಲಿ 42,000 ಮುಟ್ಟಿ ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗಿಳಿದಿತ್ತು. ಎರಡೂ ಸಲ ಪೇಟೆ ತಿರುಗಿ ಎದ್ದಿತು, ಆದರೆ ಎದ್ದದ್ದು ಕಾದವರಿಗೆ. ಆ ಮಾರ್ಚಿನಲ್ಲೇ ಮಗಳ ಮದುವೆ ಇಟ್ಟುಕೊಂಡಿದ್ದರೆ? ಬಿತ್ತನೆ ಬೀಜದ ದುಡ್ಡು, ಮಕ್ಕಳ ಈ ವರ್ಷದ ಫೀಯ ದುಡ್ಡು, ಆಸ್ಪತ್ರೆಯ ದುಡ್ಡು ಇಲ್ಲಿಗೆ ಬರಲೇಬಾರದು. ಐದು-ಏಳು ವರ್ಷ ಮುಟ್ಟದೆ ಇರಬಹುದಾದ ದುಡ್ಡಿದ್ದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ಅಂಚೆ ಕಚೇರಿಯ ಆರ್‌ಡಿ ಇದೆ, ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನು ಖರ್ಚಿನ ಪ್ರಮಾಣ. ಫಂಡ್ ನಡೆಸುವವರು ಪ್ರತಿ ವರ್ಷ ನಿಮ್ಮ ದುಡ್ಡಿನಿಂದ ಶೇಕಡಾ ಇಷ್ಟು ಅಂತ ತಮ್ಮ ಖರ್ಚಿಗೆ ತೆಗೆದುಕೊಳ್ಳುತ್ತಾರೆ. ಒಂದೇ ಫಂಡಿನಲ್ಲಿ ಎರಡು ಬಗೆ: ಡೈರೆಕ್ಟ್ ಮತ್ತು ರೆಗ್ಯುಲರ್. ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ, ಅದಕ್ಕೇ ಖರ್ಚು ಹೆಚ್ಚು. ಒಂದು ಶೇಕಡಾ ಅಂದರೆ ಎಷ್ಟು? ತಿಂಗಳಿಗೆ 1,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ನೀವು ಹಾಕಿದ್ದು 2.4 ಲಕ್ಷ. ವರ್ಷಕ್ಕೆ 12% ಬೆಳೆಯಿತು ಅಂತ ಲೆಕ್ಕಕ್ಕಾಗಿ ಇಟ್ಟುಕೊಂಡರೆ ಸುಮಾರು 9.9 ಲಕ್ಷ ಆಗುತ್ತದೆ. 11% ಆದರೆ ಸುಮಾರು 8.7 ಲಕ್ಷ. ಅಂದರೆ ನೀವು ಕಟ್ಟಿದ್ದರ ಅರ್ಧದಷ್ಟು ದುಡ್ಡು ಆ ಒಂದು ಶೇಕಡಾದಲ್ಲಿ ಹೋಯಿತು. 12% ಯಾರೂ ಖಾತ್ರಿ ಕೊಡುವುದಿಲ್ಲ, ಲೆಕ್ಕ ತೋರಿಸಲು ಬಳಸಿದ್ದು. ಏಜೆಂಟರು ಬಂದಾಗ ‘ಇದು ಡೈರೆಕ್ಟೋ ರೆಗ್ಯುಲರೋ?’ ಅಂತ ಒಂದು ಮಾತು ಕೇಳಿ, ಮುಖ ನೋಡಿ.

ಶಿಗ್ಗಾವಿಯ ಹತ್ತು ಸಾವಿರ

ಕ್ಲಾಸಿನವರ ಬತ್ತಳಿಕೆಯಲ್ಲಿ ಕೊನೆಗೊಂದು ಬಾಣ ಇರುತ್ತದೆ, ಇನ್ಫೋಸಿಸ್. 1981ರಲ್ಲಿ ಸುಧಾ ಮೂರ್ತಿಯವರು ಕೂಡಿಟ್ಟ 10,000 ರೂಪಾಯಿಯನ್ನು ಗಂಡ ನಾರಾಯಣ ಮೂರ್ತಿಯವರಿಗೆ ಕೊಟ್ಟರು, ನೋಡಿ ಎಲ್ಲಿಗೆ ಹೋಯಿತು ಅನ್ನುತ್ತಾರೆ. ಅವರು ಹುಟ್ಟಿದ್ದು ನಮ್ಮ ಶಿಗ್ಗಾವಿಯಲ್ಲೇ, ಹಾಗಾಗಿ ಈ ಕಥೆ ಇಲ್ಲಿ ಬೇಗ ನಾಟುತ್ತದೆ. ಕಥೆ ನಿಜ. ಆದರೆ ಆ ದುಡ್ಡು ಚಾರ್ಟ್ ನೋಡಿ ಹಾಕಿದ್ದಲ್ಲ, ಒಂದು ಕೆಲಸ ಶುರುಮಾಡಲು ಹಾಕಿದ ಬಂಡವಾಳ. ಕಂಪನಿ ಪೇಟೆಗೆ ಬಂದದ್ದು ಹನ್ನೆರಡು ವರ್ಷ ಆದ ಮೇಲೆ, 1993ರಲ್ಲಿ. ಷೇರಿಗೆ 95 ರೂಪಾಯಿಯಂತೆ ಕೊಟ್ಟರೂ ಪೂರ್ತಿ ಅರ್ಜಿ ಬರಲಿಲ್ಲ. ಅವತ್ತು ಕೊಂಡು ಈವತ್ತಿನವರೆಗೆ ಮಾರದೆ ಇದ್ದವರು ದೊಡ್ಡವರಾದರು, ಸರಿ. ಅದೇ ಕಾಲದಲ್ಲಿ ಪೇಟೆಗೆ ಬಂದು ಹೆಸರಿಲ್ಲದೆ ಹೋದ ಕಂಪನಿಗಳ ಕಾಗದ ಎಷ್ಟೋ ಮನೆಯ ಟ್ರಂಕಿನಲ್ಲಿವೆ, ಅವುಗಳ ಬಗ್ಗೆ ಯಾರೂ ರೀಲ್ ಮಾಡುವುದಿಲ್ಲ. ಇನ್ಫೋಸಿಸ್ಸಿನ ಉದಾಹರಣೆ ಕೊಟ್ಟು ವಾರದ ಆಪ್ಷನ್ ಕಲಿಸುವುದು, ಮಾವಿನ ತೋಟ ತೋರಿಸಿ ಪಟಾಕಿ ಮಾರಿದ ಹಾಗೆ.

ನಾವು ಕೇಳುವುದು ಇಷ್ಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಷೇರು ತರಬೇತಿ ಅಂತ ಬೋರ್ಡ್ ಹಾಕಿದವರು ಸಲಹೆಯನ್ನೂ ಕೊಡುವುದಾದರೆ ತಮ್ಮ ಸೆಬಿ ನೋಂದಣಿ ಸಂಖ್ಯೆಯನ್ನು ಅದೇ ಬೋರ್ಡಿನ ಮೇಲೆ ಬರೆಯಲಿ. ಹೂಡಿಕೆ ಸಲಹೆಗಾರರದು ಐಎನ್‌ಎ ಅಂತ, ಇಂಥ ಷೇರು ಕೊಳ್ಳಿ ಅಂತ ಹೇಳುವ ರಿಸರ್ಚ್ ಅನಲಿಸ್ಟರದು ಐಎನ್‌ಎಚ್ ಅಂತ ಶುರುವಾಗುತ್ತದೆ. ಸಂಖ್ಯೆ ಇಲ್ಲದವರು ಬರೀ ಪಾಠ ಮಾಡಬಹುದು. ಪಾಠದ ಹೆಸರಿನಲ್ಲಿ ಕಳೆದ ಮೂರು ತಿಂಗಳ ಬೆಲೆಗಳನ್ನು ಬಳಸಿ ಇದು ಏರುತ್ತೆ, ಅದು ಇಳಿಯುತ್ತೆ ಅನ್ನುವಂತಿಲ್ಲ ಅಂತ ಸೆಬಿ 2025ರ ಜನವರಿಯ ಸುತ್ತೋಲೆಯಲ್ಲಿ ಹೇಳಿದೆ. ಹಾಗಿದ್ದರೆ ‘ಲೈವ್ ಮಾರ್ಕೆಟ್‌ನಲ್ಲಿ ಕಾಲ್ ಕೊಡ್ತೀವಿ’ ಅನ್ನುವ ಬೋರ್ಡಿಗೆ ಏನರ್ಥ? ಫೀ ತೆಗೆದುಕೊಳ್ಳುವ ಮುಂಚೆ ತಮ್ಮದೇ ಖಾತೆಯ ಮೂರು ವರ್ಷದ ಲಾಭ-ನಷ್ಟದ ಪಟ್ಟಿಯನ್ನೂ ಗೋಡೆಗೆ ಅಂಟಿಸಲಿ. ‘ಬಾಪ್ ಆಫ್ ಚಾರ್ಟ್’ ಅನ್ನುವ ಹೆಸರಿನಲ್ಲಿ ಕೋರ್ಸ್ ಮಾರುತ್ತಿದ್ದವರ ಮೇಲೆ ಸೆಬಿ 2023ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದಾಗ ಅದರಲ್ಲಿದ್ದ ಒಂದು ಸಂಗತಿ ಎಂದರೆ, ಲಾಭದ ಚಿತ್ರ ತೋರಿಸುತ್ತಿದ್ದವರ ಸ್ವಂತ ವ್ಯವಹಾರದಲ್ಲಿ ಕೋಟಿಗಟ್ಟಲೆ ನಷ್ಟ ಇತ್ತು.

ಬ್ರೋಕರುಗಳು ಪ್ರತಿ ವ್ಯವಹಾರಕ್ಕೂ ಕಳಿಸುವ ಕಾಂಟ್ರಾಕ್ಟ್ ನೋಟ್ ಕೇಳಿದವರಿಗೆ ಕನ್ನಡದಲ್ಲಿ ಸಿಗಬೇಕು. ದಲಾಲಿ ಎಷ್ಟು, ತೆರಿಗೆ ಎಷ್ಟು ಅಂತ ಅದರಲ್ಲೇ ಇರುತ್ತದೆ. ಅಡತಿ ಅಂಗಡಿಯ ಪಟ್ಟಿ ಕನ್ನಡದಲ್ಲಿ ಇರುವಾಗ ಇದು ಯಾಕೆ ಆಗದು? ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸೆಬಿಯ ನಷ್ಟದ ಲೆಕ್ಕದ ಆ ಒಂದು ಪುಟವನ್ನಾದರೂ ದೊಡ್ಡಕ್ಷರದಲ್ಲಿ ತೂಗುಹಾಕಲಿ.

ಈ ಮಧ್ಯೆ ನಿಮ್ಮನ್ನು ಕೇಳದೆ ಯಾರಾದರೂ ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿದರೆ ಮೊದಲು ಹೊರಗೆ ಬನ್ನಿ. ‘ಖಾತ್ರಿ ಲಾಭ’ ಅಂದವರು ಸುಳ್ಳುಗಾರರು, ಷೇರಿನಲ್ಲಿ ಖಾತ್ರಿ ಲಾಭದ ಭರವಸೆ ಕೊಡಲು ಯಾರಿಗೂ ಅನುಮತಿ ಇಲ್ಲ. ಲಿಂಕು ಒತ್ತಿ ಇಳಿಸಿಕೊಂಡ ಆ್ಯಪಿನಲ್ಲಿ ಲಾಭ ಲಕ್ಷ ಲಕ್ಷ ಕಾಣಿಸಿ, ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಅಂದರೆ ಆ ಆ್ಯಪೇ ನಕಲಿ, ಇನ್ನೊಂದು ರೂಪಾಯಿ ಕಟ್ಟಬೇಡಿ. ದುಡ್ಡು ಕಳಿಸುವ ಮುಂಚೆ ಆ ಯುಪಿಐ ಐಡಿ ನೋಂದಾಯಿತ ಬ್ರೋಕರದ್ದೇ ಅಂತ ಸೆಬಿಯ ‘ಸೆಬಿ ಚೆಕ್’ನಲ್ಲಿ ನೋಡಬಹುದು. ಆಗಲೇ ಕಳಿಸಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶ ಹೆಚ್ಚು. ನೋಂದಾಯಿತ ಬ್ರೋಕರ್ ಅಥವಾ ಕಂಪನಿಯ ಮೇಲೆ ತಕರಾರಿದ್ದರೆ ಸೆಬಿಯ ‘ಸ್ಕೋರ್ಸ್’ನಲ್ಲಿ ದೂರು ಹಾಕಬಹುದು. ಅದಕ್ಕೆ ಫೀ ಇಲ್ಲ. ಗುಂಪಿನಲ್ಲಿ ಬಂದ ಸಂದೇಶ, ದುಡ್ಡು ಕಳಿಸಿದ ರಸೀದಿ, ಅವರ ಫೋನ್ ನಂಬರು, ಯಾವುದನ್ನೂ ಅಳಿಸಬೇಡಿ.